ಅಮೆರಿಕದ ಕಪ್ಪು ಕುಟುಂಬಗಳ ಸಿಟ್‌ಕಾಂ: ಯಾವುದನ್ನು ನೋಡಬೇಕು, ಎಲ್ಲಿಂದ ಎಲ್ಲಿಯವರೆಗೆ?

ಅಮೆರಿಕದ ಟಿವಿಯಲ್ಲಿ ಕಪ್ಪು ಕುಟುಂಬಗಳನ್ನು ನಡುಮನೆಗೆ ತಂದ ಹಾಸ್ಯ ಸರಣಿಗಳು ಹತ್ತಾರು ಇವೆ. ಹೆಸರಾದವು ನೂರು, ಇನ್ನೂರು ಕಂತು ಓಡಿವೆ. ‘ದಿ ಜೆಫರ್ಸನ್ಸ್’ ಒಂದೇ 253 ಕಂತು. ಮೊದಲ ಕಂತಿನಿಂದ ಶುರುಮಾಡಿ ಕೊನೆಯವರೆಗೆ ನೋಡುತ್ತೇನೆಂದು ಕೂತವರು ಸಾಮಾನ್ಯವಾಗಿ ನಾಲ್ಕನೇ ಸೀಸನ್ ಹೊತ್ತಿಗೆ ಬೇಸತ್ತು ಬಿಡುತ್ತಾರೆ. ಅದಕ್ಕೆ ಕಾರಣವಿದೆ. ಈ ಸರಣಿಗಳಲ್ಲಿ ಬಹುಪಾಲು ನಡುದಾರಿಯಲ್ಲಿ ಬದಲಾದವು. ಯಾರೋ ಬಿಟ್ಟುಹೋದರು, ಯಾರನ್ನೋ ತೆಗೆದರು, ಒಂದು ಪಾತ್ರ ಉಬ್ಬಿ ಮಿಕ್ಕವರನ್ನು ಮೂಲೆಗೆ ತಳ್ಳಿತು. ಆದ್ದರಿಂದ ಇಲ್ಲಿ ಸರಣಿಗಳ ಜೊತೆಗೆ ಸೀಸನ್‌ಗಳನ್ನೂ ಹೋಲಿಸಿದ್ದೇವೆ. ಒಂದೇ ಹೆಸರಿನಡಿ ಎರಡು ಬೇರೆ ಸರಣಿಗಳೇ ಇರುವಷ್ಟು ವ್ಯತ್ಯಾಸ ಕೆಲವೆಡೆ ಇದೆ.

ಏನನ್ನು ಹೋಲಿಸಬೇಕು

‘ಒಳ್ಳೆಯ ಚಿತ್ರಣ’, ‘ಕೆಟ್ಟ ಚಿತ್ರಣ’ ಎಂಬ ಅಳತೆ ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಡಾಕ್ಟರ್ ಅಪ್ಪ ಒಳ್ಳೆಯ ಚಿತ್ರಣ, ಗುಜರಿ ಅಂಗಡಿಯ ಅಪ್ಪ ಕೆಟ್ಟ ಚಿತ್ರಣ ಎಂದು ಪಟ್ಟಿ ಮಾಡಿದರೆ ಬಡತನವನ್ನೇ ಅವಮಾನ ಎಂದು ಒಪ್ಪಿಕೊಂಡಂತೆ. ಅದರ ಬದಲು ಮೊದಲ ಮೂರು ಕಂತು ನೋಡುವಾಗ ಈ ನಾಲ್ಕನ್ನು ಗಮನಿಸಿ.

ದುಡ್ಡು ಎಲ್ಲಿಂದ ಬರುತ್ತದೆ, ಅದರ ಮಾತು ಮನೆಯಲ್ಲಿ ಆಡುತ್ತಾರೆಯೇ? ಕುಟುಂಬದಲ್ಲಿ ಯಾರು ಇಲ್ಲ, ಅವರು ಇಲ್ಲದಿರುವುದನ್ನು ಕತೆ ಹೇಗೆ ವಿವರಿಸುತ್ತದೆ? ನಗು ಯಾರ ಮೇಲೆ ಬೀಳುತ್ತದೆ: ಪಾತ್ರದ ಸ್ವಭಾವದ ಮೇಲೋ, ಅದರ ಮೈಮುಖ, ನಡೆನುಡಿಯ ಮೇಲೋ? ಬರೆದವರು ಯಾರು? ಕೊನೆಯದಕ್ಕೆ ಶೀರ್ಷಿಕೆಯ ಹೆಸರುಗಳನ್ನು ಓದಬೇಕು, ‘ಸೃಷ್ಟಿಸಿದವರು’ ಎಂಬ ಸಾಲಿನ ಜೊತೆಗೆ ಆಯಾ ಕಂತಿನ ಬರಹಗಾರರ ಹೆಸರನ್ನೂ ನೋಡಬೇಕು. 1970ರ ದಶಕದ ಸರಣಿಗಳಲ್ಲಿ ಕಪ್ಪು ನಟರು ಬಿಳಿಯ ಬರಹಗಾರರ ಮಾತುಗಳನ್ನು ಆಡುತ್ತಿದ್ದುದೇ ಹೆಚ್ಚು. ಸೆಟ್‌ನ ಜಗಳಗಳಲ್ಲಿ ಹಲವು ಅಲ್ಲಿಂದಲೇ ಹುಟ್ಟಿದವು.

‘ಗುಡ್ ಟೈಮ್ಸ್’ ಮತ್ತು ‘ದಿ ಕಾಸ್ಬಿ ಶೋ’: ಎರಡು ತುದಿಗಳು

ಎರಡೇ ಸರಣಿ ನೋಡಲು ಸಮಯವಿದ್ದರೆ ಇವೆರಡನ್ನೂ ಜೊತೆಯಾಗಿ ನೋಡಿ. ಒಂದಕ್ಕೆ ಮತ್ತೊಂದು ಉತ್ತರ ಕೊಡುವಂತಿವೆ.

‘ಗುಡ್ ಟೈಮ್ಸ್’ (ಸಿಬಿಎಸ್ ಚಾನೆಲ್, 1974–79, 133 ಕಂತು) ನಡೆಯುವುದು ಷಿಕಾಗೋದ ಸರ್ಕಾರಿ ವಸತಿ ಕಟ್ಟಡದಲ್ಲಿ. ಶೀರ್ಷಿಕೆಯ ದೃಶ್ಯಗಳಲ್ಲಿ ಕಾಣುವುದು ಅಲ್ಲಿನ ಕ್ಯಾಬ್ರಿನಿ-ಗ್ರೀನ್ ಎಂಬ ವಸತಿ ಸಮುಚ್ಚಯ. ಜೇಮ್ಸ್ ಇವಾನ್ಸ್ ಸಿಕ್ಕ ಕೂಲಿಗೆಲ್ಲ ಹೋಗುತ್ತಾನೆ, ಫ್ಲಾರಿಡಾ ಮನೆ ನಡೆಸುತ್ತಾಳೆ, ಮೂವರು ಮಕ್ಕಳು. ಎರಿಕ್ ಮಾಂಟಿ ಮತ್ತು ಮೈಕ್ ಇವಾನ್ಸ್ ಎಂಬ ಇಬ್ಬರು ಕಪ್ಪು ಬರಹಗಾರರು ಸೃಷ್ಟಿಸಿದ್ದು, ನಾರ್ಮನ್ ಲಿಯರ್ ನಿರ್ಮಾಣ. ಫ್ಲಾರಿಡಾ ಆಗಿ ನಟಿಸಿದ ಎಸ್ತರ್ ರೋಲ್ ಒಂದು ಷರತ್ತು ಹಾಕಿದ್ದರು: ಮಕ್ಕಳಿಗೆ ಅಪ್ಪ ಇರಬೇಕು. ಅದು ಸಣ್ಣ ಬೇಡಿಕೆಯಾಗಿರಲಿಲ್ಲ. ಆರು ವರ್ಷ ಹಿಂದೆ ಬಂದ ‘ಜೂಲಿಯಾ’ದಲ್ಲಿ ಡಯಾನ್ ಕ್ಯಾರಲ್ ನರ್ಸ್ ಆಗಿದ್ದರು, ಗಂಡ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದ. ಗೌರವದ ಕೆಲಸದ ಕಪ್ಪು ಹೆಂಗಸನ್ನು ತೋರಿಸಲು ಒಪ್ಪಿದ್ದ ಟಿವಿಗೆ ಅವಳ ಪಕ್ಕದಲ್ಲಿ ಗಂಡನನ್ನು ಕೂರಿಸಲು ಆಗಿರಲಿಲ್ಲ. ರೋಲ್ ಕೇಳಿ ಪಡೆದದ್ದು ಆ ಕುರ್ಚಿಯನ್ನು.

ಮೊದಲ ಎರಡು ಸೀಸನ್ ನೋಡಿದರೆ ಆ ಬೇಡಿಕೆಯ ಬೆಲೆ ತಿಳಿಯುತ್ತದೆ. ಬಾಡಿಗೆ ಕಟ್ಟಲಾಗದೆ ಮನೆಯಿಂದ ಹೊರಹಾಕುವ ನೋಟಿಸು ಬಂದಾಗ, ಕೆಲಸದ ತರಬೇತಿಗೆ ವಯಸ್ಸು ಮೀರಿದೆ ಎಂದು ಜೇಮ್ಸ್‌ನನ್ನು ವಾಪಸು ಕಳಿಸಿದಾಗ, ಕಿರಿಯ ಮಗ ಮೈಕೆಲ್ ಬುದ್ಧಿಮತ್ತೆಯ ಪರೀಕ್ಷೆಯೇ ಬಿಳಿಯರ ಬದುಕಿಗೆ ತಕ್ಕಂತೆ ಬರೆದದ್ದು ಎಂದು ಎದ್ದು ಬಂದಾಗ, ನಗುವಿನ ಕೆಳಗೆ ಲೆಕ್ಕವಿದೆ. ಎಷ್ಟು ಡಾಲರ್, ಯಾವ ತಾರೀಖು, ಯಾರ ಬಳಿ ಕೇಳುವುದು. ಜಾನ್ ಏಮಸ್ ಜೇಮ್ಸ್ ಪಾತ್ರಕ್ಕೆ ತಂದ ಸಿಟ್ಟು ಹಾಸ್ಯಕ್ಕೆ ಹಾಕಿದ ಸಿಟ್ಟಲ್ಲ. ಹೊಟ್ಟೆಬಟ್ಟೆ ಕಟ್ಟಿ ದುಡಿದರೂ ತಿಂಗಳ ಕೊನೆ ಮುಟ್ಟದವನ ಸಿಟ್ಟು.

ಆಮೇಲೆ ಏನಾಯಿತು? ಹಿರಿಯ ಮಗ ಜೆ.ಜೆ. ಆಗಿ ಜಿಮ್ಮಿ ವಾಕರ್ ‘ಡೈನಮೈಟ್’ ಎಂಬ ಒಂದು ಪದವನ್ನು ಎಳೆದೆಳೆದು ಹೇಳಿದಾಗ ಸ್ಟುಡಿಯೋದ ಪ್ರೇಕ್ಷಕರು ಕುಣಿದರು. ಪ್ರೇಕ್ಷಕರ ಮುಂದೆ ಚಿತ್ರೀಕರಿಸುವ ಸಿಟ್‌ಕಾಂನಲ್ಲಿ ಚಪ್ಪಾಳೆಯೇ ತಕ್ಷಣದ ತೀರ್ಪು. ಚಪ್ಪಾಳೆ ಬಿದ್ದಲ್ಲಿ ಮುಂದಿನ ವಾರ ಇನ್ನೆರಡು ಸಾಲು ಬೀಳುತ್ತವೆ. ಹಾಗೆ ಕಣ್ಣರಳಿಸಿ ಹಲ್ಲುಕಿರಿವ ಹುಡುಗ ಸರಣಿಯ ನಡುವಿಗೆ ಬಂದ. ಸರ್ಜನ್ ಆಗಬೇಕೆಂದಿದ್ದ ತೆಲ್ಮಾ, ನ್ಯಾಯಾಧೀಶನಾಗಬೇಕೆಂದಿದ್ದ ಮೈಕೆಲ್ ಬದಿಗೆ ಸರಿದರು. ರೋಲ್ ಮತ್ತು ಏಮಸ್ ಇಬ್ಬರೂ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಮೂರನೇ ಸೀಸನ್ ಬಳಿಕ ಏಮಸ್‌ರನ್ನು ಕೈಬಿಟ್ಟರು. 1976ರಲ್ಲಿ ನಾಲ್ಕನೇ ಸೀಸನ್‌ನ ಆರಂಭದಲ್ಲಿ ಜೇಮ್ಸ್ ಮಿಸಿಸಿಪ್ಪಿಯಲ್ಲಿ ಕಾರು ಅಪಘಾತದಲ್ಲಿ ಸತ್ತನೆಂಬ ತಂತಿ ಬಂತು. ರೋಲ್ ಹಠ ಹಿಡಿದು ಪಡೆದ ಅಪ್ಪ ಹೀಗೆ ತೆರೆಯ ಹೊರಗೇ ಹೋದ. ಒಂದು ವರ್ಷದ ನಂತರ ರೋಲ್ ಕೂಡ ಬಿಟ್ಟರು, ಕೊನೆಯ ಸೀಸನ್‌ಗೆ ಮರಳಿದರು. ಆದ್ದರಿಂದ ಒಂದರಿಂದ ಮೂರನೇ ಸೀಸನ್ ಪೂರ್ತಿ ನೋಡಿ, ನಾಲ್ಕನೆಯದರ ಮೊದಲ ಎರಡು ಕಂತು ನೋಡಿ, ನಿಲ್ಲಿಸಿ. ಜೆ.ಜೆ. ಬರೆದಂತೆ ತೋರಿಸುವ ಚಿತ್ರಗಳನ್ನು ಮಾತ್ರ ಕಣ್ತುಂಬ ನೋಡಿ, ಅವು ಕಲಾವಿದ ಎರ್ನಿ ಬಾರ್ನ್ಸ್ ಅವರವು.

‘ದಿ ಕಾಸ್ಬಿ ಶೋ’ (ಎನ್‌ಬಿಸಿ, 1984–92) ಈ ಎಲ್ಲದಕ್ಕೂ ಬೆನ್ನು ಹಾಕಿ ಶುರುವಾಯಿತು. ಬ್ರೂಕ್ಲಿನ್ ಹೈಟ್ಸ್‌ನ ಕೆಂಪು ಕಲ್ಲಿನ ಮನೆ, ಹೆರಿಗೆ ವೈದ್ಯ ಕ್ಲಿಫ್, ವಕೀಲೆ ಕ್ಲೇರ್, ಐದು ಮಕ್ಕಳು. ಪಾತ್ರಗಳು ಜನಾಂಗದ ಬಗ್ಗೆ ಅವಹೇಳನದ ಹಾಸ್ಯ ಮಾಡಬಾರದೆಂದು ಮನೋವೈದ್ಯ ಆಲ್ವಿನ್ ಪುಸೇಂಟ್ ಕತೆಗಳನ್ನು ಓದಿ ಸಲಹೆ ಕೊಡುತ್ತಿದ್ದರು. ಸತತ ಐದು ಸೀಸನ್ ದೇಶದ ಮೊದಲ ಸ್ಥಾನದಲ್ಲಿತ್ತು. ಇಲ್ಲಿ ಕಪ್ಪುತನ ಮಾತಿನಲ್ಲಿ ಕಡಿಮೆ, ಗೋಡೆಯ ಮೇಲೆ ಹೆಚ್ಚು: ವಾರ್ನೆಟ್ ಹನಿವುಡ್‌ರ ಚಿತ್ರಗಳು, ಮಗ ಥಿಯೋನ ಕೋಣೆಯಲ್ಲಿ ವರ್ಣಭೇದ ನೀತಿ ಕೊನೆಯಾಗಲಿ ಎಂಬ ಫಲಕ, ಅಜ್ಜ ಅಜ್ಜಿಯರ ಜಾಜ್ ನೆನಪು. ಮೊದಲ ಕಂತಿನಲ್ಲಿ ಕ್ಲಿಫ್ ಆಟದ ನೋಟುಗಳನ್ನು ಹಿಡಿದು ಮಗನಿಗೆ ಸಂಬಳ, ತೆರಿಗೆ, ಬಾಡಿಗೆ ಕಳೆದರೆ ಎಷ್ಟು ಉಳಿಯುತ್ತದೆಂದು ತೋರಿಸುತ್ತಾನೆ. ‘ಗುಡ್ ಟೈಮ್ಸ್’ನ ಬಾಡಿಗೆ ಕಂತಿನ ಪಕ್ಕ ಇದನ್ನಿಡಿ. ಒಂದೇ ಲೆಕ್ಕ, ಅಲ್ಲಿ ಅದು ಬೀದಿಗೆ ಬೀಳುವ ಭಯ, ಇಲ್ಲಿ ಊಟದ ನಂತರದ ಪಾಠ.

ಈ ಸರಣಿಯ ತೊಡಕು ಅದರ ಗೆಲುವಿನಲ್ಲೇ ಇತ್ತು. ಸಟ್ ಜಾಲಿ ಮತ್ತು ಜಸ್ಟಿನ್ ಲೂಯಿಸ್ ಎಂಬ ಸಂಶೋಧಕರು ವೀಕ್ಷಕರ ಗುಂಪುಗಳ ಜೊತೆ ಮಾತಾಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಳಿಯ ವೀಕ್ಷಕರಲ್ಲಿ ಅನೇಕರು ಈ ಮನೆಯನ್ನು ನೋಡಿ ‘ಈಗ ಅಡ್ಡಿಯೇನೂ ಇಲ್ಲ, ಮುಂದೆ ಬಾರದವರದೇ ತಪ್ಪು’ ಎಂಬ ನಿಲುವಿಗೆ ಬರುತ್ತಿದ್ದುದು ಕಂಡಿತು. ಕಪ್ಪು ವೀಕ್ಷಕರಿಗೆ ಅದೇ ಮನೆ ಹೆಮ್ಮೆ ಕೊಟ್ಟಿತ್ತು. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯಬೇಕಿಲ್ಲ.

ಬಿಲ್ ಕಾಸ್ಬಿಯ ವಿಷಯವನ್ನು ಮುಚ್ಚಿಡಲಾಗದು. ಹಲವಾರು ಮಹಿಳೆಯರು ಲೈಂಗಿಕ ದೌರ್ಜನ್ಯದ ಆರೋಪ ಮಾಡಿದರು. 2018ರಲ್ಲಿ ಒಂದು ಪ್ರಕರಣದಲ್ಲಿ ಅಪರಾಧಿ ಎಂದು ತೀರ್ಪಾಯಿತು, 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ವಿಚಾರಣಾ ಪ್ರಕ್ರಿಯೆಯ ಕಾರಣ ನೀಡಿ ಅದನ್ನು ರದ್ದುಮಾಡಿತು. ಅಪ್ಪನ ಪಾತ್ರವನ್ನು ನೋಡಲು ಮನಸ್ಸು ಒಪ್ಪದಿದ್ದರೆ ಅದು ನ್ಯಾಯವಾದ ಕಾರಣ. ಇದರದೇ ಕವಲಾದ ‘ಎ ಡಿಫರೆಂಟ್ ವರ್ಲ್ಡ್’ ಕಡೆಗೆ ಹೋಗಿ, ನಷ್ಟವೇನಿಲ್ಲ. ನೋಡುವವರು ಮೊದಲ ಎರಡು ಸೀಸನ್‌ಗಳಿಂದ ಆರಿಸಿಕೊಳ್ಳಿ. ಎರಡನೆಯದರಲ್ಲಿ ಅಜ್ಜ-ಅಜ್ಜಿಯ ಮದುವೆಯ ವಾರ್ಷಿಕೋತ್ಸವಕ್ಕೆ ಇಡೀ ಮನೆ ಮೆಟ್ಟಿಲ ಮೇಲೆ ಹಾಡಿಗೆ ತುಟಿ ಕೂಡಿಸುವ ಕಂತು ಸಿಟ್‌ಕಾಂ ಕಲೆಯ ಒಂದು ಶಿಖರ.

‘ಎ ಡಿಫರೆಂಟ್ ವರ್ಲ್ಡ್’: ಎರಡನೇ ಸೀಸನ್‌ನಿಂದಲೇ ಶುರುಮಾಡಿ

ಒಂದನ್ನೇ ಆರಿಸಿ ಎಂದರೆ ನಮ್ಮ ಆಯ್ಕೆ ಇದು (ಎನ್‌ಬಿಸಿ, 1987–93, 144 ಕಂತು). ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಕಾಲೇಜುಗಳ ಪರಂಪರೆಯಲ್ಲಿ ಬರುವ ಹಿಲ್‌ಮನ್ ಎಂಬ ಕಾಲ್ಪನಿಕ ಕಾಲೇಜು ಇದರ ನೆಲೆ. ಮೊದಲ ಸೀಸನ್ ಸಪ್ಪೆ. ಯಾವ ಕಾಲೇಜಿನಲ್ಲಾದರೂ ನಡೆಯಬಹುದಾದ ಕತೆಗಳು. ಎರಡನೇ ಸೀಸನ್‌ಗೆ ಅಂಥದೇ ಒಂದು ಕಾಲೇಜಾದ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಡೆಬಿ ಆಲೆನ್ ಹೊಣೆ ಹೊತ್ತರು, ಬರಹಗಾರರನ್ನು ಅಟ್ಲಾಂಟಾದ ಕಾಲೇಜುಗಳಿಗೆ ಕರೆದೊಯ್ದರು. ಫಲ ತೆರೆಯ ಮೇಲೆ ಕಾಣುತ್ತದೆ.

ಮುಖ್ಯ ಲಾಭವೆಂದರೆ ಇಲ್ಲಿ ಕಪ್ಪು ಪಾತ್ರಗಳು ಸಾಕಷ್ಟು ಇರುವುದರಿಂದ ಯಾರೊಬ್ಬರೂ ಇಡೀ ಜನಾಂಗದ ಭಾರ ಹೊರಬೇಕಿಲ್ಲ. ಸಿರಿವಂತ ಮನೆಯ ಸೊಕ್ಕಿನ ವಿಟ್ಲಿ, ಗಣಿತದ ಡ್ವೇನ್, ಸೇನೆಯ ಕರ್ನಲ್ ಟೇಲರ್, ವೈದ್ಯೆಯಾಗಲು ಹೆಣಗುವ ಕಿಂಬರ್ಲಿ ಪರಸ್ಪರ ಒಪ್ಪುವುದೇ ಇಲ್ಲ. ಐದನೇ ಸೀಸನ್‌ನಲ್ಲಿ ಮನೆಗೆಲಸದ ದಪ್ಪ ಕಪ್ಪು ಹೆಂಗಸಿನ ಹಳೆಯ ಗೊಂಬೆಗಳನ್ನು ಪ್ರದರ್ಶನಕ್ಕಿಡಬೇಕೇ ಎಂಬ ವಾದದ ಕಂತಿದೆ. ಟಿವಿ ತನ್ನದೇ ಹಳೆಯ ಪಾಪವನ್ನು ಕೈಗೆತ್ತಿ ನೋಡಿದ ಅಪರೂಪದ ಅರ್ಧ ಗಂಟೆ ಅದು. 1991ರ ಏಡ್ಸ್ ಕಂತು, 1992ರ ಲಾಸ್ ಏಂಜಲೀಸ್ ಗಲಭೆಯ ಎರಡು ಕಂತು ಬಿಡಬೇಡಿ.

ಮೇಲೇರಿದವರ ಕತೆ: ‘ದಿ ಜೆಫರ್ಸನ್ಸ್’ ಅಥವಾ ‘ಫ್ರೆಶ್ ಪ್ರಿನ್ಸ್’

ಜಾರ್ಜ್ ಜೆಫರ್ಸನ್ ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿಗಳಿಂದ ದುಡ್ಡು ಮಾಡಿ ಕ್ವೀನ್ಸ್‌ನಿಂದ ಮ್ಯಾನ್‌ಹಟನ್‌ನ ಎತ್ತರದ ಕಟ್ಟಡಕ್ಕೆ ಬಂದವನು. ಕುಳ್ಳ, ಜಂಬದ, ಬಿಳಿಯರಿಗೆ ಮುಖದ ಮೇಲೆ ಹೇಳುವ ಮನುಷ್ಯ. ಸರಣಿ (ಸಿಬಿಎಸ್, 1975–85) ಅವನನ್ನು ಸಜ್ಜನನನ್ನಾಗಿ ತಿದ್ದಲು ಹೋಗುವುದಿಲ್ಲ. ಅದೇ ಅದರ ಬಲ. ಮೇಲಿನ ಮಹಡಿಯ ವಿಲಿಸ್ ದಂಪತಿ, ಗಂಡ ಬಿಳಿಯ, ಹೆಂಡತಿ ಕಪ್ಪು, ಅಂದಿನ ಟಿವಿಗೆ ಹೊಸದು. ಮೊದಲ ಕಂತು ಖಂಡಿತ ನೋಡಿ: ಜಾರ್ಜ್‌ನ ಹೆಂಡತಿ ಲೂಯಿಸ್‌ಳನ್ನು ಕಟ್ಟಡದ ಇನ್ನೊಬ್ಬ ಕೆಲಸದಾಕೆ ತನ್ನಂಥವಳೇ ಎಂದುಕೊಳ್ಳುತ್ತಾಳೆ, ಮನೆಯೊಡತಿ ಎಂದು ಹೇಳಲು ಲೂಯಿಸ್‌ಗೆ ಬಾಯಿ ಬರುವುದಿಲ್ಲ. ಆ ಪಾತ್ರದ ಇಸಬೆಲ್ ಸ್ಯಾನ್‌ಫರ್ಡ್ 1981ರಲ್ಲಿ ಹಾಸ್ಯ ಸರಣಿಯ ನಾಯಕಿಗಾಗಿ ಎಮ್ಮಿ ಎಂಬ ಟಿವಿ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ. ನಂತರದ ಸೀಸನ್‌ಗಳಲ್ಲಿ ಜಾರ್ಜ್ ಮತ್ತು ಕೆಲಸದಾಕೆ ಫ್ಲಾರೆನ್ಸ್‌ಳ ಕಿತ್ತಾಟವೇ ಹೆಚ್ಚಾಗುತ್ತದೆ. ನಗು ಬರುತ್ತದೆ, ಹರಿತ ಇರುವುದಿಲ್ಲ. ಮೊದಲ ನಾಲ್ಕು ಸಾಕು. ಜೊತೆಗೆ ಕಪ್ಪುವರ್ಣೀಯರನ್ನು ದ್ವೇಷಿಸುವ ಬಿಳಿಯರ ಸಂಘಟನೆ ಕೂ ಕ್ಲಕ್ಸ್ ಕ್ಲಾನ್‌ನ ಸಭೆ ಆ ಕಟ್ಟಡದಲ್ಲೇ ನಡೆಯುವ 1981ರ ಕಂತು: ಎದೆನೋವಿನಿಂದ ಕುಸಿದ ಮುಖಂಡನಿಗೆ ಜಾರ್ಜ್ ಉಸಿರು ತುಂಬಿ ಬದುಕಿಸುತ್ತಾನೆ, ಬದುಕಿದವನು ನನ್ನನ್ನು ಸಾಯಲು ಬಿಟ್ಟುಬಿಡಬೇಕಿತ್ತು ಎನ್ನುತ್ತಾನೆ.

‘ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್-ಏರ್’ (ಎನ್‌ಬಿಸಿ, 1990–96, 148 ಕಂತು) ಹೊಸಬರಿಗೆ ಸುಲಭದ ಬಾಗಿಲು. ಫಿಲಡೆಲ್ಫಿಯಾದ ಹುಡುಗ ವಿಲ್ ಅಮ್ಮನ ಸೋದರಿಯ ಶ್ರೀಮಂತ ಮನೆಗೆ ಬರುತ್ತಾನೆ. ಇದನ್ನು ಬರೀ ತಮಾಷೆಯ ಸರಣಿ ಎಂದು ನೋಡಿದರೆ ಮೂರು ಮುಖ್ಯ ಕಂತು ಕೈತಪ್ಪುತ್ತವೆ. ಮೊದಲ ಸೀಸನ್‌ನಲ್ಲಿ ಬಿಳಿಯ ವಕೀಲನ ಕಾರನ್ನು ಓಡಿಸಿಕೊಂಡು ಹೋಗುವಾಗ ವಿಲ್ ಮತ್ತು ಆ ಮನೆಯ ಮಗ ಕಾರ್ಲ್‌ಟನ್‌ರನ್ನು ಪೊಲೀಸರು ಹಿಡಿಯುವುದು. ನಾಲ್ಕನೆಯದರಲ್ಲಿ ‘ನೀನು ಸಾಕಷ್ಟು ಕಪ್ಪಲ್ಲ’ ಎಂದು ಕಾರ್ಲ್‌ಟನ್‌ನನ್ನು ಕಪ್ಪು ವಿದ್ಯಾರ್ಥಿ ಸಂಘ ತಿರಸ್ಕರಿಸುವುದು. ಅದೇ ಸೀಸನ್‌ನಲ್ಲಿ ವಿಲ್‌ನ ಅಪ್ಪ ಬಂದು ಮತ್ತೆ ಬಿಟ್ಟುಹೋಗುವುದು. ಮೊದಲನೆಯದರಲ್ಲಿ ಗಮನಿಸಬೇಕಾದ್ದು, ಬಂಗಲೆಯ ವಿಳಾಸ ಪೊಲೀಸ್ ಠಾಣೆಯಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಕಾರ್ಲ್‌ಟನ್ ಕೊನೆಗೂ ಒಪ್ಪಿಕೊಳ್ಳಲು ಪಡುವ ಪಾಡು.

ಇಲ್ಲಿ ನಡುದಾರಿಯ ಬದಲಾವಣೆ ಮನೆಯೊಡತಿ ವಿವಿಯನ್‌ಳದು. ಮೂರು ಸೀಸನ್ ಜಾನೆಟ್ ಹ್ಯೂಬರ್ಟ್, ಆಮೇಲೆ ಡಾಫ್ನಿ ಮ್ಯಾಕ್ಸ್‌ವೆಲ್ ರೀಡ್. ಕಪ್ಪು ಬಣ್ಣದ, ಪ್ರೊಫೆಸರ್ ಆದ, ಎದುರಾಡುವ ಹೆಂಗಸಿನ ಜಾಗಕ್ಕೆ ತಿಳಿಬಣ್ಣದ, ಮೆದುಮಾತಿನ, ಬಹುಪಾಲು ಮನೆಯೊಳಗೇ ಇರುವ ವಿವಿಯನ್ ಬಂದಳು. ನಟಿಯರಿಬ್ಬರ ಪ್ರತಿಭೆಯ ಮಾತು ಬೇರೆ. ಪಾತ್ರ ಮಾತ್ರ ಕುಗ್ಗಿತು. ಮದುವೆ ಜಾಹೀರಾತಿನಲ್ಲಿ ಇನ್ನೂ ಮೈಬಣ್ಣ ಬರೆಯುವ ನಾಡಿನ ವೀಕ್ಷಕರಿಗೆ ಈ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ.

ಮಕ್ಕಳ ಜೊತೆ ಕೂತು ನೋಡಲು

ಹತ್ತು ದಾಟಿದ ಮಕ್ಕಳಿದ್ದರೆ ‘ಎವ್ರಿಬಡಿ ಹೇಟ್ಸ್ ಕ್ರಿಸ್’ (2005–09, 4 ಸೀಸನ್, 88 ಕಂತು). ಹಾಸ್ಯನಟ ಕ್ರಿಸ್ ರಾಕ್ ತನ್ನ ಬಾಲ್ಯವನ್ನು ಆಧರಿಸಿ ಹೇಳುವ, 1980ರ ದಶಕದ ಬ್ರೂಕ್ಲಿನ್‌ನ ಬೆಡ್-ಸ್ಟೈ ಬಡಾವಣೆಯ ಕತೆ. ಅಪ್ಪ ಜೂಲಿಯಸ್ ಎರಡು ಕೆಲಸ ಮಾಡುತ್ತಾನೆ, ಚೆಲ್ಲಿದ ಹಾಲಿನ ಬೆಲೆಯನ್ನು ಸೆಂಟ್ ಲೆಕ್ಕದಲ್ಲಿ ಹೇಳುತ್ತಾನೆ, ಗೋಡೆಯ ಗಡಿಯಾರದ ಪ್ಲಗ್ಗನ್ನೂ ಕೀಳುತ್ತಾನೆ. ಕ್ರಿಸ್ ಬಸ್ಸು ಹಿಡಿದು ಬಿಳಿಯರ ಶಾಲೆಗೆ ಹೋಗುವ ಒಬ್ಬನೇ ಕಪ್ಪು ಹುಡುಗ. ಅಲ್ಲಿನ ಟೀಚರ್ ಮೊರೆಲ್ಲೋ ಅವನ ಮೇಲೆ ಕರುಣೆ ಸುರಿಸುತ್ತಲೇ ಅವನ ಅಪ್ಪ ಜೈಲಿನಲ್ಲಿ, ಅಮ್ಮ ನಶೆಯಲ್ಲಿ ಎಂದು ತಾನೇ ಊಹಿಸಿಕೊಳ್ಳುತ್ತಾಳೆ. ಒಳ್ಳೆಯ ಮನಸ್ಸಿನ ಪೂರ್ವಗ್ರಹ ಹೇಗಿರುತ್ತದೆಂದು ಮಗುವಿಗೂ ಅರ್ಥವಾಗುವಂತೆ ಇಷ್ಟು ಚೊಕ್ಕವಾಗಿ ಯಾರೂ ತೋರಿಸಿಲ್ಲ. ‘ಗುಡ್ ಟೈಮ್ಸ್’ ಕಳೆದುಕೊಂಡ ದುಡಿಯುವ ಅಪ್ಪ ಇಲ್ಲಿ ಕೊನೆಯವರೆಗೂ ಉಳಿಯುತ್ತಾನೆ. ಮಟ್ಟವೂ ಹೆಚ್ಚು ಇಳಿಯುವುದಿಲ್ಲ, ಪೂರ್ತಿ ನೋಡಬಹುದು.

ಹದಿಹರೆಯದ ಮಕ್ಕಳಿಗೆ, ಅದರಲ್ಲೂ ಅಮೆರಿಕದ ಶಾಲೆಗಳಲ್ಲಿ ಓದುತ್ತಿರುವ ಕನ್ನಡದ ಮಕ್ಕಳಿಗೆ, ‘ಬ್ಲ್ಯಾಕ್-ಇಶ್’ (ಎಬಿಸಿ, 2014–22, 8 ಸೀಸನ್). ಸೃಷ್ಟಿಸಿದವರು ಕೆನ್ಯಾ ಬ್ಯಾರಿಸ್. ಜಾಹೀರಾತು ಕಂಪನಿಯ ಡ್ರೇ, ವೈದ್ಯೆ ಬೋ. ಅನುಕೂಲದಲ್ಲಿ ಬೆಳೆದ ಮಕ್ಕಳು ತಮ್ಮ ಜನರ ಕಷ್ಟ ಮರೆಯುತ್ತಾರೇನೋ ಎಂಬ ಅಪ್ಪನ ಕಳವಳ ಇದರ ಎಂಜಿನ್. ‘ಕಾಸ್ಬಿ’ ಗೋಡೆಗೆ ತೂಗುಹಾಕಿದ್ದನ್ನು ಇದು ಊಟದ ಮೇಜಿನ ಮೇಲೆ ತಂದಿಡುತ್ತದೆ. 2016ರ ಪೊಲೀಸ್ ದೌರ್ಜನ್ಯದ ಕಂತು ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ, ಟಿವಿ ಸುದ್ದಿಯ ಮುಂದೆ ನಡೆಯುತ್ತದೆ: ಮಕ್ಕಳಿಗೆ ಎಷ್ಟು ಹೇಳಬೇಕು ಎಂದು ಅಪ್ಪ ಅಮ್ಮ ಜಗಳವಾಡುತ್ತಾರೆ. 2019ರಲ್ಲಿ ಶಾಲೆಯ ಗುಂಪು ಫೋಟೋದಲ್ಲಿ ಮಗಳು ಡಯಾನ್‌ಳ ಮುಖ ಕತ್ತಲೆಯಲ್ಲಿ ಮಾಯವಾಗುವುದರಿಂದ ಶುರುವಾಗಿ, ಒಂದೇ ಮನೆಯ ತಿಳಿಬಣ್ಣದವರು, ಕಡುಬಣ್ಣದವರು ಎದುರುಬದುರಾಗುವ ಕಂತೂ ಇದೆ. ತೊಂದರೆ ಎಂದರೆ ಕೆಲವೊಮ್ಮೆ ಇದು ಪಾಠ ಮಾಡುತ್ತದೆ. 2018ರಲ್ಲಿ ತಡೆಹಿಡಿದ ಒಂದು ಕಂತು ಹೊರಬಂದದ್ದು 2020ರಲ್ಲಿ; ಹೇಳುವ ಸ್ವಾತಂತ್ರ್ಯಕ್ಕೆ ಚಾನೆಲ್ ಎಳೆದ ಗೆರೆ ಎಲ್ಲಿತ್ತೆಂದು ಅದರಿಂದ ಗೊತ್ತಾಗುತ್ತದೆ. ಮೊದಲ ನಾಲ್ಕು ಸೀಸನ್ ಗಟ್ಟಿ.

‘ಫ್ಯಾಮಿಲಿ ಮ್ಯಾಟರ್ಸ್’ (1989–98) ಮಕ್ಕಳಿಗೆ ಇಷ್ಟವಾಗುತ್ತದೆ, ಆದರೆ ಅರ್ಕಲ್ ಎಂಬ ನೆರೆಮನೆಯ ಹುಡುಗ ಬಂದ ಮೇಲೆ ಷಿಕಾಗೋದ ಪೊಲೀಸಪ್ಪನ ಕುಟುಂಬ ಹಿನ್ನೆಲೆಯಾಯಿತು. ಕಿರಿಯ ಮಗಳು ಜೂಡಿ ನಾಲ್ಕನೇ ಸೀಸನ್ ಬಳಿಕ ಒಂದು ಮಾತಿನ ವಿವರಣೆಯೂ ಇಲ್ಲದೆ ಇಲ್ಲವಾದಳು. ಮೊದಲ ಎರಡು ಸೀಸನ್, ಮತ್ತು ಪೊಲೀಸನ ಮಗನನ್ನೇ ಪೊಲೀಸರು ತಡೆಯುವ 1994ರ ಕಂತು, ಅಷ್ಟೇ. ಬಿಳಿಯ ಶ್ರೀಮಂತರು ಕಪ್ಪು ಮಕ್ಕಳನ್ನು ಸಾಕುವ ‘ಡಿಫರೆಂಟ್ ಸ್ಟ್ರೋಕ್ಸ್’, ‘ವೆಬ್‌ಸ್ಟರ್’ ಬಿಟ್ಟರೂ ಆಗುತ್ತದೆ. ಅವುಗಳಲ್ಲಿ ಮಗು ಇದೆ, ಅದರ ಕುಟುಂಬ ಇಲ್ಲ.

ಹಳೆಯದು, ಮತ್ತು ಸಿಗದೇ ಇರುವುದು

‘ಏಮಸ್ ಎನ್ ಆ್ಯಂಡಿ’ ಮೊದಲು ರೇಡಿಯೋದಲ್ಲಿ ಇಬ್ಬರು ಬಿಳಿಯರು ಕಪ್ಪುವರ್ಣೀಯರ ದನಿ ಅನುಕರಿಸಿ ನಡೆಸಿದ್ದು. 1951ರಲ್ಲಿ ಟಿವಿಗೆ ಬಂದಾಗ ನಟರು ಕಪ್ಪುವರ್ಣೀಯರೇ, ಪಾತ್ರಗಳು ಬದಲಾಗಲಿಲ್ಲ. ಕಪ್ಪುವರ್ಣೀಯರ ಹಕ್ಕುಗಳ ಸಂಸ್ಥೆ ಎನ್‌ಎಎಸಿಪಿ ಪ್ರತಿಭಟಿಸಿತು, 1953ಕ್ಕೆ ನಿಂತಿತು, ಮರುಪ್ರಸಾರವೂ 1966ರಲ್ಲಿ ಕೊನೆಗೊಂಡಿತು. ಇತಿಹಾಸ ಬೇಕಾದವರು ಒಂದೆರಡು ಕಂತು ನೋಡಿದರೆ ಸಾಕು, ಅದೂ ಬೇರೆಯವನ್ನು ನೋಡಿದ ಮೇಲೆ. ‘ಸ್ಯಾನ್‌ಫರ್ಡ್ ಅಂಡ್ ಸನ್’ (1972–77) ಬ್ರಿಟಿಷ್ ಸರಣಿಯೊಂದರ ಅಮೆರಿಕನ್ ರೂಪ. ಅದನ್ನು ರೆಡ್ ಫಾಕ್ಸ್‌ಗಾಗಿ ನೋಡಬೇಕು: ಗುಜರಿ ಅಂಗಡಿಯ ಮುದುಕ ಎದೆ ಹಿಡಿದು ಸತ್ತ ಹೆಂಡತಿಯನ್ನು ಕರೆಯುವುದರಲ್ಲಿ ಕಪ್ಪುವರ್ಣೀಯರ ಹಾಸ್ಯ ಕ್ಲಬ್ಬುಗಳ ಹಲವು ವರ್ಷಗಳ ಪಳಗಿಕೆ ಇದೆ.

ಎಲ್ಲಕ್ಕಿಂತ ನೋಯುವ ಸಂಗತಿ ‘ಫ್ರ್ಯಾಂಕ್ಸ್ ಪ್ಲೇಸ್’ನದು (ಸಿಬಿಎಸ್, 1987–88). ನ್ಯೂ ಆರ್ಲಿಯನ್ಸ್‌ನ ಹೋಟೆಲೊಂದನ್ನು ಪಿತ್ರಾರ್ಜಿತವಾಗಿ ಪಡೆದ ಪ್ರೊಫೆಸರನ ಕತೆ, ನಗುವಿನ ಧ್ವನಿಮುದ್ರಿಕೆ ಇಲ್ಲದ್ದು. ಚರ್ಮದ ಬಣ್ಣ ನೋಡಿ ಸದಸ್ಯತ್ವ ಕೊಡುವ ಕಪ್ಪುವರ್ಣೀಯರದೇ ಕ್ಲಬ್ಬಿನ ಬಗ್ಗೆ ಅದರಲ್ಲಿ ಕಂತಿತ್ತು. 22 ಕಂತಿಗೆ ನಿಂತಿತು. ಬಳಸಿದ ಹಾಡುಗಳ ಹಕ್ಕು ಬಿಡಿಸಿಕೊಳ್ಳುವ ಖರ್ಚಿನಿಂದಾಗಿ ಡಿವಿಡಿ ರೂಪಕ್ಕೂ ಬರಲಿಲ್ಲ.

ನೋಡುವ ಮುನ್ನ

ಕಂತಿನ ಅವಧಿ ನೋಡಿ. 1970ರ ದಶಕದ ಕಂತು ಮೂಲದಲ್ಲಿ ಸುಮಾರು 25 ನಿಮಿಷ, ಈಚಿನವು 22ರ ಆಸುಪಾಸು. ಹಳೆಯ ಕಂತು 22 ನಿಮಿಷಕ್ಕೆ ಮುಗಿದರೆ ಅದು ಮರುಪ್ರಸಾರಕ್ಕಾಗಿ ಕತ್ತರಿಸಿದ ಪ್ರತಿ, ಬಿದ್ದುಹೋದದ್ದು ಹೆಚ್ಚಾಗಿ ನಿಧಾನದ, ಗಂಭೀರ ಮಾತಿನ ತುಣುಕು. ಕನ್ನಡ ಸಬ್‌ಟೈಟಲ್ ಸಿಗುವುದು ಅಪರೂಪ. ಇಂಗ್ಲಿಷ್ ಕ್ಯಾಪ್ಷನ್ ಹಾಕಿಕೊಳ್ಳಿ, ಕಪ್ಪುವರ್ಣೀಯರ ಇಂಗ್ಲಿಷಿನ ಲಯ ಕಿವಿಗೆ ಕೂರಲು ಐದಾರು ಕಂತು ಬೇಕು. ಲಿಯರ್ ನಿರ್ಮಿಸಿದ ಸರಣಿಗಳಲ್ಲಿ ಜನಾಂಗೀಯ ಬೈಗುಳಗಳು ನೇರವಾಗಿ ಬರುತ್ತವೆ, ಚಿಕ್ಕ ಮಕ್ಕಳ ಜೊತೆ ಕೂರುವವರು ಮೊದಲೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಒಂದು ವಾರಾಂತ್ಯ ಮಾತ್ರ ಇದ್ದರೆ ಈ ಕ್ರಮ ಹಿಡಿಯಿರಿ: ‘ಗುಡ್ ಟೈಮ್ಸ್’ ಮೊದಲ ಸೀಸನ್‌ನ ಆರಂಭದ ಮೂರು ಕಂತು, ‘ಜೆಫರ್ಸನ್ಸ್’ ಮೊದಲ ಕಂತು, ‘ಕಾಸ್ಬಿ’ ಮೊದಲ ಕಂತು (ಬೇಡವೆನಿಸಿದರೆ ಬಿಡಿ), ‘ಎ ಡಿಫರೆಂಟ್ ವರ್ಲ್ಡ್’ನ ಗೊಂಬೆಗಳ ಕಂತು, ‘ಫ್ರೆಶ್ ಪ್ರಿನ್ಸ್’ನ ಪೊಲೀಸ್ ಕಂತು, ‘ಎವ್ರಿಬಡಿ ಹೇಟ್ಸ್ ಕ್ರಿಸ್’ ಮೊದಲ ಎರಡು, ‘ಬ್ಲ್ಯಾಕ್-ಇಶ್’ನ 2016ರ ಕಂತು. ಒಟ್ಟು ನಾಲ್ಕು ಗಂಟೆ. ಕ್ರಮ ತಪ್ಪಿಸಬೇಡಿ, ‘ಫ್ರೆಶ್ ಪ್ರಿನ್ಸ್’ನ ಪೊಲೀಸರನ್ನು ನೋಡದೆ ನೇರ ‘ಬ್ಲ್ಯಾಕ್-ಇಶ್’ಗೆ ಹೋದರೆ, 25 ವರ್ಷಗಳ ನಂತರವೂ ಅದೇ ಮಾತನ್ನು ಇನ್ನೊಂದು ಮನೆಯಲ್ಲಿ ಆಡಬೇಕಾಗಿ ಬಂದದ್ದು ಗಮನಕ್ಕೆ ಬರುವುದಿಲ್ಲ.